ಕ್ಲೌಡ್ ಗೇಮಿಂಗ್‌ಗೆ ನಿಮ್ಮ ಮನೆಯ ಇಂಟರ್ನೆಟ್ ಸಾಕಾ? ಚಂದಾ ಕಟ್ಟುವ ಮುಂಚೆ ಹೀಗೆ ನೋಡಿ

ನನ್ನ ಲ್ಯಾಪ್‌ಟಾಪಿಗೆ ಈಗ ಒಂಬತ್ತು ವರ್ಷ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೂಡ ಇಲ್ಲ. ಆದರೂ ಎರಡು ವರ್ಷದಿಂದ ಅದರಲ್ಲೇ ದೊಡ್ಡ ದೊಡ್ಡ ಗೇಮ್‌ಗಳನ್ನು ಆಡುತ್ತಿದ್ದೇನೆ. ಗೇಮ್ ಓಡುವುದು ದೂರದ ಸರ್ವರಿನಲ್ಲಿ. ನಾನು ಒತ್ತಿದ ಬಟನ್ ಅಲ್ಲಿಗೆ ಹೋಗುತ್ತದೆ, ಬದಲಾದ ಚಿತ್ರ ವಿಡಿಯೋ ಆಗಿ ನನ್ನ ಪರದೆಗೆ ವಾಪಸ್ ಬರುತ್ತದೆ. ಶುರುವಿನ ಎರಡು ತಿಂಗಳು ಮಾತ್ರ ತುಂಬಾ ಬೇಜಾರಾಗಿತ್ತು. 100 ಎಂಬಿಪಿಎಸ್ ಲೈನ್ ಇದ್ದರೂ ಬಟನ್ ಒತ್ತಿದ ಎಷ್ಟೋ ಹೊತ್ತಿಗೆ ಪಾತ್ರ ಜಿಗಿಯುತ್ತಿತ್ತು. ಕಾರಣ ಹುಡುಕುತ್ತಾ ಕಲಿತದ್ದು ಇಲ್ಲಿದೆ.

ಎಲ್ಲರೂ ಮೊದಲು ಸ್ಪೀಡ್ ಟೆಸ್ಟ್ ಮಾಡುತ್ತಾರೆ, ಅಲ್ವಾ? ಮಾಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. 1080ಪಿ ಚಿತ್ರ, ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಜಿಫೋರ್ಸ್ ನೌ ಅನ್ನುವ ಕ್ಲೌಡ್ ಗೇಮಿಂಗ್ ಸೇವೆ ಕೇಳುವುದು 25 ಎಂಬಿಪಿಎಸ್ ಅಷ್ಟೇ. ಅದಕ್ಕಿಂತ ಜಾಸ್ತಿ ಇದ್ದರೆ ವೇಗದ ಚಿಂತೆ ಮುಗಿಯಿತು. ಡೇಟಾ ಮಿತಿ ಇರುವವರು ಒಂದು ಲೆಕ್ಕ ಹಾಕಿಕೊಳ್ಳಿ: ಆ ವೇಗದಲ್ಲಿ ಒಂದು ಗಂಟೆ ಆಡಿದರೆ ಸುಮಾರು 11 ಜಿಬಿ ಖರ್ಚಾಗುತ್ತದೆ.

ನಿಜವಾಗಿ ನೋಡಬೇಕಾದದ್ದು ತಡ. ಸಿನಿಮಾ ನೋಡುವಾಗ ಮುಂದಿನ ದೃಶ್ಯಗಳನ್ನು ಮೊದಲೇ ತಂದಿಟ್ಟುಕೊಳ್ಳಬಹುದು. ಗೇಮಿನಲ್ಲಿ ಅದು ಆಗುವುದಿಲ್ಲ, ಮುಂದಿನ ಚಿತ್ರ ನೀವು ಯಾವ ಬಟನ್ ಒತ್ತುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಫೈಬರ್‌ನಲ್ಲಿ ಬೆಳಕು 100 ಕಿಲೋಮೀಟರ್ ಹೋಗಿ ಬರಲು ಸುಮಾರು 1 ಮಿಲಿಸೆಕೆಂಡ್ ಬೇಕು. ಸರ್ವರ್ 1,500 ಕಿಲೋಮೀಟರ್ ದೂರ ಇದ್ದರೆ 15 ಮಿಲಿಸೆಕೆಂಡ್ ದಾರಿಯಲ್ಲೇ ಹೋಯಿತು. ಎಷ್ಟು ದುಬಾರಿ ಪ್ಲಾನ್ ಹಾಕಿಸಿದರೂ ಅದು ಕಡಿಮೆಯಾಗುವುದಿಲ್ಲ. ಸರ್ವರ್ ಚಿತ್ರವನ್ನು ಕುಗ್ಗಿಸುವ ಸಮಯ, ನಿಮ್ಮ ಯಂತ್ರ ಅದನ್ನು ಬಿಡಿಸುವ ಸಮಯ ಇದರ ಮೇಲೆ ಸೇರುತ್ತವೆ. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಹತ್ತಿರದ ಸರ್ವರ್ ಆರಿಸಿ, ಆ್ಯಪ್‌ನಲ್ಲೇ ನೆಟ್‌ವರ್ಕ್ ಪರೀಕ್ಷೆ ಇದ್ದರೆ ಓಡಿಸಿ. ಜಿಫೋರ್ಸ್ ನೌ ಈ ತಡ 80 ಮಿಲಿಸೆಕೆಂಡ್ ಒಳಗಿರಬೇಕು ಅನ್ನುತ್ತದೆ, 40ರ ಒಳಗಿದ್ದರೆ ಚೆನ್ನ. ನನ್ನದು 22 ಬಂತು. ಅಂದರೆ ದೂರ ನನ್ನ ಸಮಸ್ಯೆ ಆಗಿರಲಿಲ್ಲ.

ಆಮೇಲೆ ಮನೆಯೊಳಗೆ ಹುಡುಕಿದೆ. ನೀವೂ ಇದನ್ನು ಮಾಡಿ: ಕಮಾಂಡ್ ಪ್ರಾಂಪ್ಟ್ ತೆರೆದು ನಿಮ್ಮ ರೂಟರ್‌ನ ವಿಳಾಸಕ್ಕೆ ಐದು ನಿಮಿಷ ಬಿಡದೆ ಪಿಂಗ್ ಮಾಡಿ, ಅಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ನೋಡಿ. ಕೇಬಲ್ ಹಾಕಿದ್ದರೆ ಪ್ರತಿ ಸಾಲೂ 1 ಮಿಲಿಸೆಕೆಂಡ್ ಆಸುಪಾಸು ಬರುತ್ತದೆ. ನನ್ನ ವೈಫೈನಲ್ಲಿ 3, 4, 60, 5, 110 ಹೀಗೆ ಕುಣಿಯುತ್ತಿತ್ತು. ಸರಾಸರಿ ನೋಡಿದರೆ ಇದು ಗೊತ್ತೇ ಆಗುವುದಿಲ್ಲ, ಆ 110 ಬಂದ ಕ್ಷಣದಲ್ಲೇ ಆಟ ಕೆಡುವುದು. ನಾನು 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿದ್ದೆ. ಅಕ್ಕಪಕ್ಕದ ರೂಟರ್‌ಗಳೂ ಅಲ್ಲೇ, ನನ್ನ ಬ್ಲೂಟೂತ್ ಕಂಟ್ರೋಲರ್ ಕೂಡ ಅಲ್ಲೇ. ಲ್ಯಾನ್ ಕೇಬಲ್ ಎಳೆದೆ, ಕುಣಿತ ನಿಂತಿತು. ಕೇಬಲ್ ಎಳೆಯಲು ಆಗದಿದ್ದರೆ ರೂಟರ್ ಇರುವ ಕೋಣೆಯಲ್ಲೇ ಕೂತು 5 ಗಿಗಾಹರ್ಟ್ಸ್‌ಗೆ ಬದಲಿಸಿ.

ಇಷ್ಟಾದರೂ ರಾತ್ರಿ ಎಂಟರ ಹೊತ್ತಿಗೆ ಮಾತ್ರ ಗೇಮ್ ತಡವರಿಸುತ್ತಿತ್ತು. ದಿನಾ ಅದೇ ಹೊತ್ತು. ಲೈನ್ ಕೊಟ್ಟವರನ್ನೇ ಬೈದುಕೊಂಡೆ. ಕೊನೆಗೆ ಒಂದು ದಿನ ಪಿಂಗ್ ಕಿಟಕಿ ತೆರೆದಿಟ್ಟು ಕಾದು ಕೂತೆ. ತಂಗಿ ಕೆಲಸದಿಂದ ಮನೆಗೆ ಬಂದಳು, ಅವಳ ಫೋನ್ ವೈಫೈ ಹಿಡಿಯಿತು, ನನ್ನ 22 ಸೀದಾ 400 ದಾಟಿತು. ಅವಳ ದಿನದ ಫೋಟೋಗಳು ಬ್ಯಾಕಪ್ ಆಗುತ್ತಿದ್ದವು! ನಮ್ಮ ಲೈನಿನಲ್ಲಿ ಅಪ್‌ಲೋಡ್ ವೇಗ ಕಡಿಮೆ. ಅದು ತುಂಬಿಹೋದರೆ ರೂಟರ್ ಮಿಕ್ಕಿದ್ದನ್ನೆಲ್ಲ ಸಾಲಿನಲ್ಲಿ ನಿಲ್ಲಿಸುತ್ತದೆ. ಜಿಗಿಯಲು ಒತ್ತಿದ ನನ್ನ ಪುಟ್ಟ ಸಂದೇಶ ನೂರಾರು ಫೋಟೋಗಳ ಹಿಂದೆ ನಿಂತಿತ್ತು. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಬೇರೆ ಯಾರೂ ಲೈನ್ ಬಳಸದಿರುವಾಗ ತೆಗೆದ ಪಿಂಗ್‌ನಲ್ಲಿ ಇದು ಕಾಣುವುದೇ ಇಲ್ಲ.

ನಿಮ್ಮಲ್ಲೂ ಇದೆಯಾ ಅಂತ ನೋಡಲು ಒಂದು ಕಿಟಕಿಯಲ್ಲಿ ಹೊರಗಿನ ಯಾವುದಾದರೂ ಸರ್ವರ್‌ಗೆ ಪಿಂಗ್ ಬಿಡಿ. ಇನ್ನೊಂದರಲ್ಲಿ ದೊಡ್ಡ ಫೈಲ್ ಅಪ್‌ಲೋಡ್ ಮಾಡಿ. ಸಂಖ್ಯೆ ಹತ್ತಿಪ್ಪತ್ತು ಏರಿದರೆ ಪರವಾಗಿಲ್ಲ. ನೂರು, ಇನ್ನೂರು ಏರಿದರೆ ರೂಟರ್ ಸೆಟ್ಟಿಂಗ್ಸ್‌ನಲ್ಲಿ ಈ ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ ಅನ್ನುವ ಸೌಲಭ್ಯ ಇದೆಯಾ ಹುಡುಕಿ. ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಬದಲಿ ತಂತ್ರಾಂಶ ಹಾಕಬಹುದಾದ ರೂಟರ್ ಆದರೆ ಅದು ಸಿಗುತ್ತದೆ. ಸ್ಪೀಡ್ ಟೆಸ್ಟ್‌ನಲ್ಲಿ ಬಂದ ವೇಗದ ಸುಮಾರು 90 ಶೇಕಡಾವನ್ನು ಮಿತಿಯಾಗಿ ಕೊಡಿ, ಕೇಕ್ ಅನ್ನುವ ವಿಧಾನ ಆರಿಸಿ. ಸ್ವಲ್ಪ ವೇಗ ಬಿಟ್ಟುಕೊಟ್ಟರೆ ಸಾಲು ಕರಗುತ್ತದೆ. ಈಗ ಫೋಟೋ ಬ್ಯಾಕಪ್ ನಡೆಯುತ್ತಿರುವಾಗಲೂ ನನಗೆ 28 ಬರುತ್ತದೆ. ರೂಟರ್ ಬದಲಿಸುವ ಮುಂಚೆ ತಂಗಿಯೇ ಬ್ಯಾಕಪ್ಪನ್ನು ನಿಲ್ಲಿಸಿಟ್ಟು, ಮಲಗುವ ಹೊತ್ತಿಗೆ ಶುರು ಮಾಡುತ್ತಿದ್ದಳು. ಅದೂ ಚೆನ್ನಾಗಿ ನಡೆಯಿತು.

ಟಿವಿಯಲ್ಲಿ ಆಡುವವರು ಗೇಮ್ ಮೋಡ್ ಹಾಕಿ. ಚಿತ್ರ ಚೆಂದ ಮಾಡಲು ಟಿವಿ ತೆಗೆದುಕೊಳ್ಳುವ ಸಮಯವೂ ತಡವೇ.

ಎಲ್ಲ ಸರಿ ಇದ್ದರೂ ಎಲ್ಲ ಗೇಮ್ ಒಗ್ಗುವುದಿಲ್ಲ. ಕಥೆ, ಸ್ಟ್ರಾಟೆಜಿ, ಒಗಟಿನ ಗೇಮ್‌ಗಳು ನನಗೆ ಸಲೀಸಾಗಿ ನಡೆಯುತ್ತವೆ. ಎರಡು ಮೂರು ಫ್ರೇಮ್‌ಗಳಲ್ಲಿ ಏಟು ತಡೆಯಬೇಕಾದ ಫೈಟಿಂಗ್ ಗೇಮ್‌ಗಳನ್ನು ಸ್ಟ್ರೀಮ್‌ನಲ್ಲಿ ಆಡುವುದನ್ನು ನಾನು ಬಿಟ್ಟಿದ್ದೇನೆ.

ಗೇಮ್ ಕೊಳ್ಳುವಾಗ ಅದು ಎಲ್ಲಿ ಉಳಿಯುತ್ತದೆ ಅಂತಲೂ ನೋಡಿ. ಆನ್‌ಲೈವ್ ಅನ್ನುವ ಕ್ಲೌಡ್ ಗೇಮಿಂಗ್ ಸೇವೆ 2010ರಲ್ಲಿ ಬಂದು 2015ರಲ್ಲಿ ಮುಚ್ಚಿತು. ಗೂಗಲ್‌ನ ಸ್ಟೇಡಿಯಾ 2019ರ ನವೆಂಬರ್‌ನಲ್ಲಿ ಶುರುವಾಗಿ 2023ರ ಜನವರಿ 18ಕ್ಕೆ ನಿಂತಿತು. ಅದರ ಕಂಟ್ರೋಲರ್ ಲ್ಯಾಪ್‌ಟಾಪಿನ ಮೂಲಕ ಹೋಗದೆ ವೈಫೈನಲ್ಲಿ ನೇರ ಸರ್ವರ್ ಜೊತೆ ಮಾತಾಡುತ್ತಿತ್ತು, ಅಷ್ಟು ಒಳ್ಳೆಯ ಎಂಜಿನಿಯರಿಂಗ್ ಇದ್ದರೂ ಸೇವೆ ಉಳಿಯಲಿಲ್ಲ. ಹಾಗಾಗಿ ಸ್ಟೀಮ್‌ನಂಥ ಅಂಗಡಿಯಲ್ಲಿ ಕೊಂಡ ಗೇಮನ್ನೇ ಓಡಿಸುವ ಸೇವೆ ನನಗೆ ಇಷ್ಟ.

ಮನೆಯಲ್ಲಿ ಯಾರದ್ದಾದರೂ ಒಳ್ಳೆಯ ಪಿಸಿ ಇದ್ದರೆ ಪುಕ್ಕಟೆ ಪ್ರಯೋಗಕ್ಕೂ ದಾರಿ ಇದೆ. ಅದರಲ್ಲಿ ಗೇಮಿನ ಚಿತ್ರ ಕಳಿಸುವ ಸನ್‌ಶೈನ್, ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದನ್ನು ಪಡೆದು ತೋರಿಸುವ ಮೂನ್‌ಲೈಟ್ ಅನ್ನುವ ತಂತ್ರಾಂಶ ಹಾಕಿ. ಮೂನ್‌ಲೈಟ್ ಆಡುವಾಗಲೇ ನೆಟ್‌ವರ್ಕ್ ತಡ, ಚಿತ್ರ ಬಿಡಿಸುವ ತಡ ಎರಡನ್ನೂ ಪರದೆ ಮೇಲೆ ತೋರಿಸುತ್ತದೆ. ಮನೆಯೊಳಗೇ ಇದು ತಡವರಿಸಿದರೆ ಚಂದಾ ಕಟ್ಟಬೇಡಿ, ಮೊದಲು ವೈಫೈ ಸರಿ ಮಾಡಿಕೊಳ್ಳಿ. ಸಲೀಸಾಗಿ ಓಡಿದರೆ ಒಂದೇ ತಿಂಗಳ ಚಂದಾ ತೆಗೆದುಕೊಂಡು, ನೀವು ದಿನಾ ಆಡುವ ಹೊತ್ತಿನಲ್ಲೇ, ಮನೆಯವರೆಲ್ಲ ಲೈನ್ ಬಳಸುತ್ತಿರುವಾಗಲೇ ಆಡಿ ನೋಡಿ.