ಪಿಕಪ್‌ಗೂ ಫಿಫ್ತ್ ವೀಲ್ ಟ್ರೇಲರ್‌ಗೂ ಎತ್ತರ ಹೊಂದಿಸುವುದು ಹೇಗೆ?

ಅಮೆರಿಕ, ಕೆನಡಾಗಳಲ್ಲಿ ಮನೆಯಷ್ಟು ದೊಡ್ಡ ಟ್ರೇಲರ್ ಎಳೆಯುವವರು ಪಿಕಪ್‌ನ ತೊಟ್ಟಿಯೊಳಗೆ, ಹಿಂದಿನ ಆಕ್ಸಲ್ ಮೇಲೆ ಅಥವಾ ಅದಕ್ಕಿಂತ ತುಸು ಮುಂದೆ, ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಕೂರಿಸುತ್ತಾರೆ. ಹೀಗೆ ಜೋಡಿಸುವ ಟ್ರೇಲರೇ ಫಿಫ್ತ್ ವೀಲ್. ಟ್ರೇಲರ್ ಮೂತಿಯ ಕೆಳಗಿರುವ 2 ಇಂಚು ದಪ್ಪದ ಕಿಂಗ್‌ಪಿನ್ ಎಂಬ ಗೂಟ ಹಿಚ್‌ನ ದವಡೆಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಹೆದ್ದಾರಿಗಳ ಕಂಟೇನರ್ ಟ್ರೇಲರ್‌ಗಳದ್ದೂ ಇದೇ ಏರ್ಪಾಡು. ಆದರೆ ಆ ಲಾರಿಗಳಿಗೆ ತೊಟ್ಟಿಯ ಗೋಡೆ ಇಲ್ಲ, ಪಿಕಪ್‌ಗಿದೆ. ತಕರಾರೆಲ್ಲ ಆ ಗೋಡೆಯ ಅಂಚಿನದೇ.

ಟ್ರೇಲರ್ ನೆಲಕ್ಕೆ ಸಮನಾಗಿ ಸಾಗಬೇಕು. ಮೂತಿಯ ತಳಕ್ಕೂ ತೊಟ್ಟಿಯ ಅಂಚಿಗೂ ನಡುವೆ 6 ಇಂಚು ಬೇಕು. ಐದೂವರೆ ಸಾಕೆನ್ನುವವರೂ ಇದ್ದಾರೆ. ಪೆಟ್ರೋಲ್ ಬಂಕ್‌ನ ಇಳಿಜಾರಿನಲ್ಲಿ ಗಾಡಿ ಪಕ್ಕಕ್ಕೆ ವಾಲಿದಾಗ ಆ ಅರ್ಧ ಇಂಚಿನ ಬೆಲೆ ಗೊತ್ತಾಗುತ್ತದೆ.

ಮೊದಲು ಅಳತೆ. ಪ್ರಯಾಣದ ಸಾಮಾನೆಲ್ಲ ತುಂಬಿದ ಟ್ರೇಲರನ್ನು ಸಮತಟ್ಟಾದ ಕಾಂಕ್ರೀಟ್ ಮೇಲೆ ನಿಲ್ಲಿಸಿ, ಚಾಸಿಗೆ ರಸಮಟ್ಟ ಹಿಡಿದು ಜಾಕ್‌ನಿಂದ ಸಮ ಮಾಡಿ. ನೆಲದಿಂದ ಕಿಂಗ್‌ಪಿನ್ ಸುತ್ತಲಿನ ತಟ್ಟೆಗೆ ಎಷ್ಟು, ಮೂತಿಯ ತಳಕ್ಕೆ ಎಷ್ಟು ಎಂದು ಬರೆದುಕೊಳ್ಳಿ. ಪಿಕಪ್‌ನಲ್ಲಿ ಹಿಚ್ ತಟ್ಟೆಯ ಮತ್ತು ತೊಟ್ಟಿಯ ಅಂಚಿನ ಎತ್ತರ ಬೇಕು, ಅದೂ ಭಾರ ಬಿದ್ದ ಮೇಲಿನದು. 10,000 ಪೌಂಡಿನ ಟ್ರೇಲರ್ ಸುಮಾರು 2,000 ಪೌಂಡನ್ನು ಹಿಚ್ ಮೇಲೆ ಹೇರುತ್ತದೆ; ಪಿಕಪ್‌ನ ಹಿಂಭಾಗ ಎರಡು ಮೂರು ಇಂಚು ಕುಸಿಯುವುದು ಮಾಮೂಲು.

ಒಂದು ಲೆಕ್ಕ ನೋಡಿ. ಟ್ರೇಲರ್ ತಟ್ಟೆ 47 ಇಂಚು, ಕುಸಿದ ಮೇಲೂ ಹಿಚ್ ತಟ್ಟೆ 49. ಹಾಗೇ ಜೋಡಿಸಿದರೆ ಮೂತಿ 2 ಇಂಚು ಮೇಲೇಳುತ್ತದೆ. ಹಿಚ್ಚನ್ನು ಎರಡಿಂಚು ಇಳಿಸಿ, ಇಲ್ಲವೇ ಕಿಂಗ್‌ಪಿನ್ ಹೊತ್ತ ಟ್ರೇಲರ್‌ನ ಪಿನ್ ಬಾಕ್ಸನ್ನು ಬೋಲ್ಟ್ ತೂತುಗಳಲ್ಲಿ ಅಷ್ಟೇ ಮೇಲಕ್ಕೆ ಸರಿಸಿ. ಬೋಲ್ಟುಗಳನ್ನು ತಯಾರಕರು ಹೇಳಿದ ಟಾರ್ಕ್‌ಗೇ (ತಿರುಚು ಬಲಕ್ಕೇ) ಬಿಗಿಯಿರಿ.

ಬಹಳ ಜನ ಎಡವುವುದು ಮುಂದಿನ ಮಾತಿನಲ್ಲಿ. ಟ್ರೇಲರ್ ಸಮನಾಗಿದ್ದಾಗ ಅಂಚಿನ ಅಂತರ ಹಿಚ್‌ನಿಂದಾಗಲಿ ಪಿನ್ ಬಾಕ್ಸಿನಿಂದಾಗಲಿ ಒಂದಿಷ್ಟೂ ಬದಲಾಗದು. ಮೂತಿಯ ತಳ 60, ಅಂಚು 56 ಇದ್ದರೆ ಸಿಗುವುದು ನಾಲ್ಕೇ ಇಂಚು. ಹಿಚ್ ಎತ್ತರಿಸಿ ಅಂತರ ಗಿಟ್ಟಿಸಿದರೆ ಟ್ರೇಲರ್ ಹಿಂದಕ್ಕೆ ವಾಲುತ್ತದೆ. ಕಮಾನು ಪಟ್ಟಿಯ ಬದಲು ರಬ್ಬರ್ ಇರುವ ಟಾರ್ಷನ್ ಆಕ್ಸಲ್ ಇದ್ದರಂತೂ ಹೆಚ್ಚಿನ ಭಾರ ಹಿಂದಿನ ಚಕ್ರಗಳ ಜೋಡಿಗೆ ಬಿದ್ದು ಟೈರ್ ಬಿಸಿಯಾಗುತ್ತದೆ. ಪಿಕಪ್‌ನ ಹಿಂದಿನ ಸ್ಪ್ರಿಂಗ್‌ಗೆ ನೆರವಾಗುವ ಗಾಳಿಚೀಲ (ಏರ್ ಬ್ಯಾಗ್) ಹಾಕಿದರೆ ಕುಸಿತ ನಿಲ್ಲುತ್ತದೆ, ಆದರೆ ಅಂಚೂ ಮೇಲೇಳುತ್ತದೆ. ಹೊರುವ ಮಿತಿಯೇನೂ ಹೆಚ್ಚದು.

ಹಾಗಾಗಿ ಟ್ರೇಲರನ್ನೇ ಎತ್ತರಿಸಬೇಕು. ಆಕ್ಸಲ್ ಕೆಳಗಿರುವ ಕಮಾನು ಪಟ್ಟಿಗಳನ್ನು (ಲೀಫ್ ಸ್ಪ್ರಿಂಗ್) ಆಕ್ಸಲ್ ಮೇಲಕ್ಕೆ ತಂದರೆ ಸುಮಾರು 5 ಇಂಚು ಸಿಗುತ್ತದೆ. ಆಕ್ಸಲನ್ನು ಮಾತ್ರ ತಲೆಕೆಳಗು ಮಾಡಬೇಡಿ. ಅದಕ್ಕೆ ಸಣ್ಣ ಬಾಗು ಕೊಟ್ಟಿರುತ್ತಾರೆ. ತಿರುಗಿಸಿದರೆ ಚಕ್ರ ಓರೆಯಾಗಿ ಟೈರ್ ಸವೆಯುತ್ತದೆ. ಪಟ್ಟಿ ಕೂರುವ ಹೊಸ ಆಸನಗಳನ್ನು ಮೇಲ್ಬದಿಗೆ ವೆಲ್ಡ್ ಮಾಡಿಸಬೇಕು, ಅದೂ ನುರಿತವರಿಂದ. ಬಳಿಕ ಛಾವಣಿಯ ಎಸಿವರೆಗೂ ಎತ್ತರ ಅಳೆಯಿರಿ: ಅಮೆರಿಕದ ಅನೇಕ ರಾಜ್ಯಗಳಲ್ಲಿ ಮಿತಿ 13 ಅಡಿ 6 ಇಂಚು.

ಜೋಡಿಸುವಾಗ ತೊಟ್ಟಿಯ ಹಿಂಬಾಗಿಲು ಇಳಿಸಿಯೇ ಹಿಂದಕ್ಕೆ ಬನ್ನಿ. ಟ್ರೇಲರ್ ತಟ್ಟೆ ಹಿಚ್ ತಟ್ಟೆಗಿಂತ ಅರ್ಧ ಇಂಚು ತಗ್ಗಿರಲಿ, ಆಗ ಅದು ಹತ್ತಿ ಕೂರುತ್ತದೆ. ಎತ್ತರದಲ್ಲಿದ್ದರೆ ದವಡೆ ಪಿನ್ನಿನ ತುದಿಯನ್ನಷ್ಟೇ ಕಚ್ಚಿ, ಹೊರಟ ಮೇಲೆ ಟ್ರೇಲರ್ ತೊಟ್ಟಿಯ ಅಂಚಿನ ಮೇಲೆ ಕುಸಿಯಬಹುದು. ಟಾರ್ಚ್ ಬೆಳಕು ಬಿಟ್ಟು ನೋಡಿ: ಎರಡು ತಟ್ಟೆಗಳ ನಡುವೆ ಬೆಳಕು ತೂರಿದರೆ ಬಿಚ್ಚಿ ಮತ್ತೆ ಜೋಡಿಸಿ. ಜಾಕ್ ಎತ್ತುವ ಮುನ್ನ, ಟ್ರೇಲರ್ ಬ್ರೇಕ್ ಹಿಡಿದು ಪಿಕಪ್ಪನ್ನು ಮೆಲ್ಲಗೆ ಮುಂದಕ್ಕೆ ಜಗ್ಗಿ ಪರೀಕ್ಷಿಸಿ.