ಮಗನಿಗೆ ಡಿಎಲ್ ಬಂತು, ಮನೆ ಕಾರಿನ ಇನ್ಶೂರೆನ್ಸ್ ಏನು ಮಾಡಬೇಕು?

ದಾವಣಗೆರೆಯಲ್ಲಿ ವಾಹನ ವಿಮೆ ಮಾಡಿಸುವ ನನಗೆ ಹೆಚ್ಚು ಬರುವ ಪ್ರಶ್ನೆ ಇದು: "ಮಗನಿಗೆ ಲೈಸೆನ್ಸ್ ಆಯ್ತು ಸರ್, ಪಾಲಿಸಿಗೆ ಅವನ ಹೆಸರು ಸೇರಿಸ್ಬೇಕಾ? ದುಡ್ಡು ಜಾಸ್ತಿ ಆಗುತ್ತಾ?" ಸೇರಿಸಬೇಕಾಗಿಲ್ಲ. ಜಾಸ್ತಿಯೂ ಆಗುವುದಿಲ್ಲ. ಅಮೆರಿಕದಲ್ಲಿರುವ ನೆಂಟರ ಮಾತು ಕೇಳಿ ಹೆದರಿದವರೇ ಹೀಗೆ ಕೇಳುವುದು. ಅಲ್ಲಿ ಓಡಿಸುವವರ ವಯಸ್ಸಿನ ಮೇಲೆ ಪ್ರೀಮಿಯಂ ಏರುತ್ತದೆ, ನಮ್ಮಲ್ಲಿ ಪಾಲಿಸಿ ಗಾಡಿಯದು. ಆದರೆ ಇಷ್ಟು ಕೇಳಿ ಫೋನ್ ಇಡುವವರೇ ಮುಂದೆ ಕ್ಲೇಮ್ ಹೊತ್ತಿನಲ್ಲಿ ಒದ್ದಾಡುತ್ತಾರೆ. ಹಾಗಾಗಿ ಮನೆಯಲ್ಲಿ ಹುಡುಗರು ಕಾರಿಗೆ ಕೈ ಹಾಕುತ್ತಾರೆಂದರೆ ನಾನು ಹಳೆ ಪಾಲಿಸಿ, ಆರ್‌ಸಿ, ಡಿಎಲ್ ಮೂರನ್ನೂ ತರಿಸಿಕೊಂಡು ಕೂರುತ್ತೇನೆ.

ಮೊದಲು ದುಡ್ಡಿನ ವಿಷಯ ಮುಗಿಸೋಣ. ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟದ ಭಾಗ, ಅದರ ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಖಾಸಗಿ ಕಾರಿಗೆ ವರ್ಷಕ್ಕೆ 1000 ಸಿಸಿವರೆಗೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕೂ ಮೇಲಾದರೆ 7,897, ಜಿಎಸ್‌ಟಿ ಬೇರೆ. ಸ್ವಂತ ಗಾಡಿಗೆ ಆಗುವ ಹಾನಿಯ ಭಾಗ, ಅಂದರೆ ಓನ್ ಡ್ಯಾಮೇಜ್ (ಓಡಿ), 2007ರಿಂದ ಆಯಾ ಕಂಪನಿಯ ಲೆಕ್ಕ. ಐಡಿವಿ (ವಿಮೆಗೆ ಗಾಡಿಯ ಬೆಲೆ ಅಂತ ಹಿಡಿದ ಮೊತ್ತ), ಸಿಸಿ, ಗಾಡಿಯ ವಯಸ್ಸು, ನೋಂದಣಿಯಾದ ಊರು ಇವುಗಳ ಮೇಲೆ ಅದು ನಿಲ್ಲುತ್ತದೆ. ದಾವಣಗೆರೆಯ ಕೆಎ-17, ಚಿತ್ರದುರ್ಗದ ಕೆಎ-16 ಎರಡೂ ಬಿ ವಲಯ, ಬೆಂಗಳೂರು ಎ ವಲಯ. ಕೊಟೇಶನ್ ಮೂರು ಕಡೆ ತರಿಸಿ, ಆದರೆ ಮೂರರಲ್ಲೂ ಐಡಿವಿ ಒಂದೇ ಇರಲಿ. ಐಡಿವಿ ಇಳಿಸಿ "ಕಮ್ಮಿ ಮಾಡಿಕೊಟ್ಟೆ" ಅನ್ನುವುದು ನಮ್ಮ ಕಸುಬಿನ ಹಳೇ ಚಮತ್ಕಾರ.

ಈಗ ಪಾಲಿಸಿಯ ಒಳಪುಟಕ್ಕೆ ಬನ್ನಿ. ಎಲ್ಲರೂ ಮೊದಲ ಪುಟದ ಐಡಿವಿ ನೋಡಿ ಮಡಚಿಡುತ್ತಾರೆ. ಒಳಗೆ ಡ್ರೈವರ್ಸ್ ಕ್ಲಾಝ್, ಅಂದರೆ ಓಡಿಸುವವರ ಷರತ್ತು, ಅಂತ ನಾಲ್ಕು ಸಾಲು ಇರುತ್ತದೆ: ಅಪಘಾತದ ಹೊತ್ತಿಗೆ ಓಡಿಸುತ್ತಿದ್ದವರ ಹತ್ತಿರ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಲೈಸೆನ್ಸ್ ಹೊಂದಲು ಅನರ್ಹರಾಗಿರಬಾರದು. ಇಲ್ಲಿ ನಾನು ಡಿಎಲ್ ಕಾರ್ಡಿನಲ್ಲಿ ವಾಹನದ ವರ್ಗ ನೋಡುತ್ತೇನೆ. ಎಷ್ಟೋ ಹುಡುಗರ ಕಾರ್ಡಿನಲ್ಲಿ ಎಂಸಿಡಬ್ಲ್ಯುಜಿ ಅಂತ ಮಾತ್ರ ಇರುತ್ತದೆ, ಅದು ಗೇರ್ ಬೈಕಿನ ಲೈಸೆನ್ಸ್. ಎಲ್‌ಎಂವಿ ಅಂತ ಇದ್ದರೆ ಮಾತ್ರ ಕಾರಿಗೆ ನಡೆಯುತ್ತದೆ. ಬೈಕ್ ಲೈಸೆನ್ಸ್ ಇಟ್ಟುಕೊಂಡು ಕಾರು ಗುದ್ದಿಸಿದರೆ ಓಡಿ ಕ್ಲೇಮ್ ಬರುವುದಿಲ್ಲ. ಎದುರಿನವರಿಗೆ ಪೆಟ್ಟಾಗಿದ್ದರೆ ಕೋರ್ಟು ಸಾಮಾನ್ಯವಾಗಿ ಮೊದಲು ಕಂಪನಿಯಿಂದ ಪರಿಹಾರ ಕೊಡಿಸುತ್ತದೆ, ಆಮೇಲೆ ಕಂಪನಿ ಆ ದುಡ್ಡನ್ನು ಗಾಡಿ ಮಾಲೀಕರಿಂದ, ಅಂದರೆ ಅಪ್ಪನಿಂದ, ವಸೂಲಿ ಮಾಡುತ್ತದೆ. ಈ 'ಪೇ ಅಂಡ್ ರಿಕವರ್' ಆದೇಶ ಬಂದ ಮನೆಯವರು ಹೊಲ ಅಡವಿಡುವ ಮಾತಾಡುತ್ತಾರೆ.

ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಇರುವಾಗಲೂ ಪಾಲಿಸಿ ನಡೆಯುತ್ತದೆ, ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಪಾಲಿಸಿರಬೇಕು. ಕಲಿಸುವವರಿಗೆ ಕಾರಿನ ಲೈಸೆನ್ಸ್ ಇರಬೇಕು, ಅವರು ಗಾಡಿಯನ್ನು ಹಿಡಿತಕ್ಕೆ ತರಲು, ನಿಲ್ಲಿಸಲು ಆಗುವ ಜಾಗದಲ್ಲಿ ಕೂತಿರಬೇಕು. ಅಂದರೆ ಮುಂದಿನ ಎಡ ಸೀಟು. ಹಿಂದೆ ಕೂತು "ಬ್ರೇಕ್ ಬ್ರೇಕ್" ಅಂತ ಕೂಗುವುದು ಲೆಕ್ಕಕ್ಕಿಲ್ಲ. ಮುಂದೆ ಹಿಂದೆ ಎಲ್ ಬೋರ್ಡ್: 18 ಸೆಂ.ಮೀ. ಚೌಕದ ಬಿಳಿ ಹಲಗೆ, ಕೆಂಪು ಅಕ್ಷರ 10 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪ, ಬುಡದಲ್ಲಿ 9 ಸೆಂ.ಮೀ. ಅಗಲ. ಅಂಗಡಿಯಲ್ಲಿ ಸಿಗುವ ಚಿಕ್ಕ ಸ್ಟಿಕರ್ ಈ ಅಳತೆಗೆ ಬರುವುದಿಲ್ಲ, ಅಳೆದು ತನ್ನಿ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಟೆಸ್ಟ್ ಕೊಡಬಹುದು. "ಮೈದಾನದಲ್ಲಿ ಕಲಿಸಿದರೆ ಇದೆಲ್ಲ ಬೇಡ" ಅನ್ನುವವರಿಗೆ ಒಂದು ಮಾತು: ಜನ ಓಡಾಡಲು ಹಕ್ಕಿರುವ ಜಾಗವೆಲ್ಲ ಕಾಯ್ದೆಯ ಲೆಕ್ಕದಲ್ಲಿ ಸಾರ್ವಜನಿಕ ಸ್ಥಳವೇ.

ಹದಿನೆಂಟು ತುಂಬದವರ ವಿಷಯದಲ್ಲಿ ನಾನು ಸಲಹೆಯನ್ನೇ ಕೊಡುವುದಿಲ್ಲ, ಕೀ ಎತ್ತಿಡಿ ಅನ್ನುತ್ತೇನೆ. ಮೋಟಾರು ವಾಹನ ಕಾಯ್ದೆಯ 199ಎ ಕಲಂನಲ್ಲಿ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಹದಿನಾರಕ್ಕೆ ಸಿಗುವ ಲೈಸೆನ್ಸ್ 50 ಸಿಸಿವರೆಗಿನ ದ್ವಿಚಕ್ರಕ್ಕೆ ಮಾತ್ರ.

ಮುಂದಿನದು ಯಾರೂ ಕೇಳದ, ನಾನು ಮಾತ್ರ ಬಿಡದೆ ನೋಡುವ ಸಾಲು: ಪಿಎ, ವೈಯಕ್ತಿಕ ಅಪಘಾತ ರಕ್ಷಣೆ. ಪಾಲಿಸಿಯಲ್ಲಿ ಇರುವ 15 ಲಕ್ಷದ ಕಡ್ಡಾಯ ಪಿಎ 'ಓನರ್ ಡ್ರೈವರ್'ಗೆ. ಆರ್‌ಸಿ ಯಾರ ಹೆಸರಲ್ಲಿದೆಯೋ ಅವರಿಗೇ, ಅದೂ ಅವರ ಹತ್ತಿರ ಲೈಸೆನ್ಸ್ ಇದ್ದರೆ ಮಾತ್ರ, ಅದು ಸಿಗುತ್ತದೆ. ಅಪ್ಪನ ಹೆಸರಿನ ಕಾರನ್ನು ಮಗ ಓಡಿಸುವಾಗ ಅವನಿಗೆ ಆ 15 ಲಕ್ಷ ಇಲ್ಲ. ಥರ್ಡ್ ಪಾರ್ಟಿಯಲ್ಲೂ ಸಿಗುವುದು ಕಷ್ಟ. ಗಾಡಿ ಕೇಳಿ ಪಡೆದು ಓಡಿಸುವವನು ಮಾಲೀಕನ ಜಾಗದಲ್ಲಿ ನಿಲ್ಲುತ್ತಾನೆ ಅಂತ 2009ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕಾರು ಅಮ್ಮನ ಹೆಸರಲ್ಲಿದ್ದು, ಅಮ್ಮನಿಗೆ ಲೈಸೆನ್ಸೇ ಇಲ್ಲದ ಮನೆಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಅಂಥ ಪಾಲಿಸಿಯಲ್ಲಿ ಓನರ್ ಡ್ರೈವರ್ ಪಿಎ ಹಾಕಿದ್ದರೆ ತೆಗೆಸಿ, ಕಟ್ಟಿದ ದುಡ್ಡು ದಂಡ. ನಾನು ಮಾಡುವುದು ಹೀಗೆ: ಕಾರಿನ ಪಾಲಿಸಿಯಲ್ಲಿ ಹುಡುಗನ ಹೆಸರು ಬರೆಸಿ ಸಿಗುವ ಪಿಎ ಹಾಕಿಸುತ್ತೇನೆ, ಅದು ಸಾಮಾನ್ಯವಾಗಿ 2 ಲಕ್ಷಕ್ಕೆ ನಿಲ್ಲುವುದರಿಂದ ಅವನ ಹೆಸರಿನಲ್ಲೇ ಬೇರೆ ವೈಯಕ್ತಿಕ ಅಪಘಾತ ಪಾಲಿಸಿಯನ್ನೂ ಮಾಡಿಸುತ್ತೇನೆ. ಬೈಕಿನಲ್ಲಿ ಬಿದ್ದರೂ, ಇನ್ನೊಬ್ಬರ ಕಾರಿನಲ್ಲಿ ಹೋದರೂ ಅದು ಜೊತೆಗಿರುತ್ತದೆ.

ಸ್ನೇಹಿತರನ್ನು ತುಂಬಿಕೊಂಡು ಹೋಗುವುದು ಈ ವಯಸ್ಸಿನ ಧರ್ಮ. ಭಾನುವಾರ ಚಿತ್ರದುರ್ಗದ ಕೋಟೆಗೆ ಹೊರಟ ಕಾರಿನಲ್ಲಿ ಐದು ಜನ ಇರುತ್ತಾರೆ. ಪಾಲಿಸಿ ಬರೀ ಥರ್ಡ್ ಪಾರ್ಟಿ ಆಗಿದ್ದರೆ ಒಳಗೆ ಕೂತ ಆ ಸ್ನೇಹಿತರಿಗೆ ಅದರಲ್ಲಿ ಜಾಗವಿಲ್ಲ. ಫುಲ್ ಇನ್ಶೂರೆನ್ಸ್ ಅಂತ ಜನ ಹೇಳುವ ಪ್ಯಾಕೇಜ್ ಪಾಲಿಸಿಯಲ್ಲಿ ಇದೆ. "ಹಳೇ ಕಾರು, ಹುಡುಗ ಕಲಿಯೋಕೆ, ಥರ್ಡ್ ಪಾರ್ಟಿ ಸಾಕು" ಅನ್ನುವವರಿಗೆ ನಾನು ಈ ಒಂದೇ ಕಾರಣಕ್ಕೆ ಒಪ್ಪುವುದಿಲ್ಲ. ಹತ್ತು ವರ್ಷದ ಕಾರಿನ ಐಡಿವಿ ಕಡಿಮೆ ಇರುವುದರಿಂದ ಓಡಿ ಭಾಗಕ್ಕೆ ಬೀಳುವ ದುಡ್ಡೂ ಕಡಿಮೆಯೇ.

ಆರ್‌ಸಿಯನ್ನು ಮಗನ ಹೆಸರಿಗೆ ಮಾಡಿಸಬೇಕೇ? ಓದುತ್ತಿರುವಾಗ ಬೇಡ ಅನ್ನುತ್ತೇನೆ. ಎನ್‌ಸಿಬಿ, ಅಂದರೆ ಕ್ಲೇಮ್ ಹಾಕದ ವರ್ಷಗಳಿಗೆ ಓಡಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಮನುಷ್ಯನದು, ಗಾಡಿಯದಲ್ಲ. ಅಪ್ಪ ಕೂಡಿಸಿದ ಶೇ 50 ಮಗನಿಗೆ ದಾಟುವುದಿಲ್ಲ, ಅಪ್ಪ ತೀರಿಕೊಂಡಾಗ ಮಾತ್ರ ವಾರಸುದಾರರಿಗೆ ಬರುತ್ತದೆ. ಹೆಸರು ಬದಲಾಯಿಸಲೇಬೇಕೆಂದರೆ 14 ದಿನದೊಳಗೆ ಪಾಲಿಸಿಯಲ್ಲೂ ಬದಲಾಯಿಸಿ. ಉಳಿದ ಅವಧಿಗೆ ಎನ್‌ಸಿಬಿ ವ್ಯತ್ಯಾಸವನ್ನು ಕಂಪನಿ ಕಟ್ಟಿಸಿಕೊಳ್ಳುತ್ತದೆ. ಅಪ್ಪನ ಎನ್‌ಸಿಬಿ ಸರ್ಟಿಫಿಕೇಟ್ ಬರೆಸಿಟ್ಟುಕೊಂಡರೆ ಅವರು ಮೂರು ವರ್ಷದೊಳಗೆ ಕೊಳ್ಳುವ ಇನ್ನೊಂದು ಕಾರಿಗೆ ಹಾಕಬಹುದು.

ಹೊಸದಾಗಿ ಓಡಿಸುವವರ ಪೆಟ್ಟುಗಳು ಹೆಚ್ಚಾಗಿ ಸಣ್ಣವು. ಮಂಡಿಪೇಟೆಯ ಗಲ್ಲಿಯಲ್ಲಿ ಎಡ ಬಾಗಿಲಿಗೆ ಗೀರು, ರಿವರ್ಸಿನಲ್ಲಿ ಕಂಬಕ್ಕೆ ಬಂಪರ್. ಕ್ಲೇಮ್ ಹಾಕುವ ಮೊದಲು ನಾನು ಒಂದು ಚೀಟಿಯಲ್ಲಿ ಲೆಕ್ಕ ಹಾಕಿ ತೋರಿಸುತ್ತೇನೆ. ಬಂಪರ್ 8,000, ಪೇಂಟ್ 6,000, ಕೂಲಿ 2,000 ಅಂತಿಟ್ಟುಕೊಳ್ಳಿ. ಪ್ಲಾಸ್ಟಿಕ್‌ಗೆ ಅರ್ಧ ಸವಕಳಿ, ಬಂಪರಿಗೆ ಸಿಗುವುದು 4,000. ಪೇಂಟ್ ಬಿಲ್ಲಿನಲ್ಲಿ ಕಾಲು ಭಾಗ ಬಣ್ಣದ ಸಾಮಾನು ಅಂತ ಹಿಡಿದು ಅದರರ್ಧ ಮುರಿಯುತ್ತಾರೆ, 750 ಹೋಗಿ 5,250. ಕೂಲಿ ಪೂರ್ತಿ. ಒಟ್ಟು 11,250ರಲ್ಲಿ 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಕೈಗೆ 10,250.

ಈಗ ಇನ್ನೊಂದು ಪಕ್ಕ. ಎನ್‌ಸಿಬಿ ಇಲ್ಲದ ಓಡಿ 9,000, ಈ ವರ್ಷ ಎನ್‌ಸಿಬಿ ಶೇ 35 ಅನ್ನಿ. ಕ್ಲೇಮ್ ಇಲ್ಲದಿದ್ದರೆ ಮುಂದಿನ ಐದು ವರ್ಷ 45, 50, 50, 50, 50. ಹಾಕಿದರೆ 0, 20, 25, 35, 45. ವ್ಯತ್ಯಾಸ ಕೂಡಿದರೆ ಶೇ 120, ಅಂದರೆ 10,800, ಮೇಲೆ ಶೇ 18 ಜಿಎಸ್‌ಟಿ. ವರ್ಷವರ್ಷ ಐಡಿವಿ ಇಳಿದಂತೆ ಓಡಿಯೂ ಇಳಿಯುತ್ತದೆ, ಹಾಗಾಗಿ ನಿಜದ ನಷ್ಟ ಇದಕ್ಕಿಂತ ಒಂದಿಷ್ಟು ಕಡಿಮೆ. ಆದರೂ ಬಂದದ್ದಕ್ಕೂ ಹೋದದ್ದಕ್ಕೂ ಸರಿಹೋಯಿತು. ಮೊದಲ ಎರಡು ವರ್ಷಕ್ಕೆ ನಾನು ಸವಕಳಿ ಮುರಿಯದ ಝೀರೋ ಡೆಪ್, ಜನ ಹೇಳುವ ಬಂಪರ್ ಟು ಬಂಪರ್, ಜೊತೆಗೆ ಎನ್‌ಸಿಬಿ ಪ್ರೊಟೆಕ್ಟ್ ಎರಡನ್ನೂ ಹಾಕಿಸುವುದು ಈ ಲೆಕ್ಕದಿಂದಲೇ. ಅದೇ ಬಂಪರಿಗೆ ಆಗ 15,000 ಬರುತ್ತದೆ, ಎನ್‌ಸಿಬಿಯೂ ಉಳಿಯುತ್ತದೆ. ವರ್ಷಕ್ಕೆ ಎಷ್ಟು ಕ್ಲೇಮ್ ಅನ್ನುವ ಮಿತಿಯನ್ನು ಓದಿಕೊಳ್ಳಿ. ಹುಡುಗ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಕಾರು ಇಲ್ಲೇ ನಿಂತಿರುತ್ತದೆಂದರೆ, ಓಡಿದ ಕಿಲೋಮೀಟರಿಗೆ ತಕ್ಕಂತೆ ಕಟ್ಟುವ ಆಡ್‌ಆನ್ ಕೇಳಿ. 2022ರಿಂದ ಅದಕ್ಕೆ ಅನುಮತಿ ಇದೆ.

ದೊಡ್ಡ ಕ್ಲೇಮುಗಳು ಕೈತಪ್ಪುವುದು ಗುದ್ದಿದ್ದಕ್ಕಲ್ಲ, ಗುದ್ದಿದ ಮೇಲೆ ಓಡಿಸಿದ್ದಕ್ಕೆ. ಹಳ್ಳಿ ರಸ್ತೆಯ ಉಬ್ಬಿಗೆ ಎಂಜಿನ್ನಿನ ಕೆಳಗಿನ ಆಯಿಲ್ ಸಂಪ್ ತಾಗಿ ಬಿರುಕು ಬಿಡುತ್ತದೆ, ಕೆಂಪು ದೀಪ ಹತ್ತಿದರೂ ಹುಡುಗರು ಮನೆವರೆಗೆ ಓಡಿಸಿಬಿಡುತ್ತಾರೆ. ಸಂಪಿನ ದುಡ್ಡು ಬರುತ್ತದೆ; ಆಯಿಲ್ ಇಲ್ಲದೆ ಸೀಜ್ ಆದ ಎಂಜಿನ್ನಿನದು ಬರುವುದಿಲ್ಲ. ಮಳೆಗಾಲದಲ್ಲಿ ರೈಲ್ವೆ ಕೆಳಸೇತುವೆಯ ನೀರಿನಲ್ಲಿ ಗಾಡಿ ನಿಂತಾಗ ಮತ್ತೆ ಸೆಲ್ಫ್ ಹೊಡೆಯುವುದೂ ಇದೇ ಜಾತಿ. ಎಂಜಿನ್ ಪ್ರೊಟೆಕ್ಟ್ ಆಡ್‌ಆನ್ ಇದ್ದರೂ ಕೀ ತಿರುಗಿಸದೆ ತಳ್ಳಿಸಿ. ಜಗಳೂರು, ಹರಪನಹಳ್ಳಿ ಕಡೆ ಮೆಕ್ಕೆಜೋಳ ರಸ್ತೆಗೆ ಒಣಹಾಕುವ ಸೀಸನ್ನಿನಲ್ಲಿ ಬ್ರೇಕ್ ಹಿಡಿದರೆ ಕಾರು ಜಾರುತ್ತದೆ. ಆ ಪೆಟ್ಟು ಓಡಿಯಲ್ಲಿ ಸೇರುತ್ತದೆ, ತೆನೆ ಕಾಳು ಕಾಣುವಂತೆ ಫೋಟೊ ತೆಗೆದಿಡಿ.

ಅಪಘಾತವಾದಾಗ ನಂಬರ್ ಪ್ಲೇಟ್ ಸೇರಿಸಿ ನಾಲ್ಕು ಕಡೆಯ ಫೋಟೊ, ಅದೇ ದಿನ ಕಂಪನಿಗೆ ಫೋನ್, ಕ್ಲೇಮ್ ನಂಬರ್ ಬರೆದುಕೊಳ್ಳುವುದು, ಸರ್ವೇಯರ್ ನೋಡುವ ಮೊದಲು ಒಂದು ಬೋಲ್ಟೂ ಬಿಚ್ಚದಿರುವುದು. ಯಾರು ಓಡಿಸುತ್ತಿದ್ದರು ಅನ್ನುವ ಕಾಲಂನಲ್ಲಿ ಓಡಿಸಿದವರ ಹೆಸರನ್ನೇ ಬರೆಯಿರಿ. ಮಗ ಓಡಿಸಿದ್ದನ್ನು ಅಪ್ಪ ಓಡಿಸಿದ್ದು ಅಂತ ಬರೆಸುವವರು ಇದ್ದಾರೆ, ಬರೆಸಿ ಅಂತ ಹೇಳಿಕೊಡುವವರೂ ಇದ್ದಾರೆ. ಎಫ್‌ಐಆರ್, ಆಸ್ಪತ್ರೆ ಚೀಟಿ, ಸಿಸಿಟಿವಿ ಯಾವುದಾದರೊಂದು ತಾಳೆಯಾಗದಿದ್ದರೆ ಬರಬೇಕಾದ ಕ್ಲೇಮೂ ಹೋಗುತ್ತದೆ. ವಿಚಿತ್ರವೆಂದರೆ, ಮಗನ ಹತ್ತಿರ ಎಲ್‌ಎಂವಿ ಲೈಸೆನ್ಸ್ ಇದ್ದೂ ಹೀಗೆ ಸುಳ್ಳು ಬರೆಸುತ್ತಾರೆ, ಅವನ ಹೆಸರು ಪಾಲಿಸಿಯಲ್ಲಿಲ್ಲವಲ್ಲ ಅನ್ನುವ ಭಯಕ್ಕೆ.