ಒಂದು ಕೋರ್ 800, ಇನ್ನೊಂದು 4400 ಮೆಗಾಹರ್ಟ್ಸ್: ಪ್ರೊಸೆಸರ್ ವೇಗ ತಾಳೆಯಾಗದಿದ್ದರೆ ಏನು ನೋಡಬೇಕು

ಪ್ರೊಸೆಸರ್ ಒಳಗೆ ಸ್ವತಂತ್ರವಾಗಿ ಕೆಲಸ ಮಾಡುವ ಘಟಕಗಳೇ ಕೋರ್‌ಗಳು. ಒಂದೊಂದು ಕೋರ್ ಒಂದೊಂದು ವೇಗ ತೋರಿಸುತ್ತಿದೆ ಎಂದ ಮಾತ್ರಕ್ಕೆ ಪ್ರೊಸೆಸರ್ ಕೆಟ್ಟಿದೆ ಎಂದಲ್ಲ. ಕೆಲಸವಿಲ್ಲದೆ ಕೂತ ಕಂಪ್ಯೂಟರ್‌ನಲ್ಲಿ ಅದು ಹಾಗೆಯೇ ಇರಬೇಕು. ಪರೀಕ್ಷಿಸಬೇಕಾದದ್ದು ಎರಡು: ಪೂರ್ತಿ ಲೋಡ್ ಬಿದ್ದಾಗ ಒಂದೇ ಜಾತಿಯ ಕೋರ್‌ಗಳು ಒಂದೇ ವೇಗಕ್ಕೆ ಬರುತ್ತವೆಯೇ? ಬಂದ ವೇಗದಲ್ಲಿ ಹತ್ತು ನಿಮಿಷ ನಿಲ್ಲುತ್ತವೆಯೇ? ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಿಗೆ ಎರಡನೆಯ ಪ್ರಶ್ನೆಯಲ್ಲೇ ಹೆಚ್ಚಿನ ಮಷೀನುಗಳು ಸೋಲುತ್ತವೆ.

ಮೊದಲು ಮಷೀನಿನಲ್ಲಿರುವುದು ಯಾವ ಪ್ರೊಸೆಸರ್ ಎಂದು ತಿಳಿದುಕೊಳ್ಳಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿದರೆ ಬಲಗಡೆ ಮೇಲೆ ಪೂರ್ತಿ ಹೆಸರು ಸಿಗುತ್ತದೆ. ಇಂಟೆಲ್ ಐ5-12400 ಆಗಿದ್ದರೆ ಆರೂ ಕೋರ್ ಒಂದೇ ಜಾತಿ: ಬೇಸ್ ವೇಗ (ಮಾಮೂಲಿ ವೇಗ) 2.5 ಗಿಗಾಹರ್ಟ್ಸ್, ಟರ್ಬೊ (ಅಗತ್ಯ ಬಿದ್ದಾಗ ಏರುವ ವೇಗ) ಗರಿಷ್ಠ 4.4, ಅಂದರೆ 4400 ಮೆಗಾಹರ್ಟ್ಸ್. ಲ್ಯಾಪ್‌ಟಾಪ್‌ನ ಐ5-1235ಯು ಆಗಿದ್ದರೆ ಲೆಕ್ಕವೇ ಬೇರೆ. ಅದರಲ್ಲಿ ದೊಡ್ಡ ಕೋರ್ ಎರಡು, ಚಿಕ್ಕ ಕೋರ್ ಎಂಟು, ದೊಡ್ಡವು 4.4 ತನಕ ಹೋದರೆ ಚಿಕ್ಕವು 3.3ಕ್ಕೇ ನಿಲ್ಲುತ್ತವೆ. 2021ರಲ್ಲಿ ಇಂಟೆಲ್ 12ನೇ ತಲೆಮಾರು ಬಂದ ಮೇಲೆ ಈ ಬೆರಕೆ ವ್ಯವಸ್ಥೆ ಮಾಮೂಲಾಗಿದೆ. ಇಂಥ ಮಷೀನಿನಲ್ಲಿ ಹತ್ತೂ ಕೋರ್ ಒಂದೇ ವೇಗ ತೋರಿಸಲಿ ಎಂದು ಕಾಯುತ್ತ ಕೂರುವುದು ದಂಡ. ಎಎಂಡಿ ರೈಝೆನ್‌ನ ಹೆಚ್ಚಿನ ಮಾಡೆಲ್‌ಗಳಲ್ಲಿ ಕೋರ್‌ಗಳೆಲ್ಲ ಒಂದೇ ಜಾತಿಯಾಗಿದ್ದರೂ, ಒಂದೇ ಕೋರ್‌ಗೆ ಕೆಲಸ ಬಿದ್ದಾಗ ಒಳ್ಳೆಯ ಒಂದೆರಡು ಕೋರ್‌ಗಳು ಉಳಿದವಕ್ಕಿಂತ ತುಸು ಮೇಲೆ ಹೋಗುತ್ತವೆ. ಅದೂ ಸಹಜವೇ.

ಗೊಂದಲ ಹುಟ್ಟುವುದು ಬಹುಪಾಲು ಅಳೆಯುವ ಸಾಧನದಿಂದ. ಟಾಸ್ಕ್ ಮ್ಯಾನೇಜರ್ ಎಲ್ಲ ಕೋರ್‌ಗೂ ಸೇರಿಸಿ ಒಂದೇ ವೇಗ ತೋರಿಸುತ್ತದೆ. ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ಸ್ ಆರಿಸಿದರೆ ಕಾಣುವ ಚಿಕ್ಕ ಚೌಕಗಳು ಬಳಕೆಯ ಶೇಕಡಾವಾರು, ವೇಗವಲ್ಲ. ರಿಸೋರ್ಸ್ ಮಾನಿಟರ್ ಬೇಸ್ ವೇಗವನ್ನೇ ನೂರು ಎಂದು ಹಿಡಿಯುವುದರಿಂದ ಟರ್ಬೊ ಬಂದಾಗ 140, 150 ಶೇಕಡಾ ಎಂದು ತೋರಿಸಿ ಹೆದರಿಸುತ್ತದೆ. ಕೋರ್‌ವಾರು ನೋಡಲು ಎಚ್‌ಡಬ್ಲ್ಯೂ ಇನ್ಫೋ 64 (HWiNFO64) ಎಂಬ ಪ್ರೋಗ್ರಾಂ ಸಾಕು. ತೆರೆಯುವಾಗ ಸೆನ್ಸರ್ಸ್ ಓನ್ಲಿ ಟಿಕ್ ಮಾಡಿ. ಒಳಗೆ ಎರಡು ಗುಂಪು ಇರುತ್ತವೆ: ಕೋರ್ ಕ್ಲಾಕ್ಸ್ ಮತ್ತು ಕೋರ್ ಎಫೆಕ್ಟಿವ್ ಕ್ಲಾಕ್ಸ್.

ಈ ಎರಡರ ವ್ಯತ್ಯಾಸ ತಿಳಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಮೊದಲನೆಯದು ಓದಿದ ಆ ಕ್ಷಣದಲ್ಲಿ ಕೋರ್ ಯಾವ ವೇಗದಲ್ಲಿತ್ತು ಎಂಬುದು. ಪ್ರೋಗ್ರಾಂ ಕೋರ್‌ಗಳನ್ನು ಒಂದಾದ ಮೇಲೊಂದು ಓದುತ್ತದೆ. ಮೊದಲನೆಯದರಿಂದ ಕೊನೆಯದಕ್ಕೆ ಬರುವಷ್ಟರಲ್ಲಿ ವೇಗ ಹತ್ತಾರು ಸಲ ಬದಲಾಗಿರಬಹುದು. ಸಾಲದ್ದಕ್ಕೆ, ಮಲಗಿರುವ ಕೋರ್ ಅನ್ನು ಓದಬೇಕೆಂದರೆ ಎಬ್ಬಿಸಬೇಕು, ಎಬ್ಬಿಸಿದ ಕೂಡಲೇ ಅದು 4000ಕ್ಕೆ ಹಾರುತ್ತದೆ. ಎಫೆಕ್ಟಿವ್ ಕ್ಲಾಕ್ ಹಾಗಲ್ಲ. ಒಂದು ಓದಿನಿಂದ ಇನ್ನೊಂದು ಓದಿನ ನಡುವೆ ಕೋರ್ ನಿಜವಾಗಿ ಎಷ್ಟು ಸೈಕಲ್ ದುಡಿಯಿತು ಎಂಬುದರ ಸರಾಸರಿ, ಮಲಗಿದ್ದ ಹೊತ್ತೂ ಅದರಲ್ಲಿ ಸೇರಿದೆ. ಹಾಗಾಗಿ ಕ್ಲಾಕ್ 4390, ಎಫೆಕ್ಟಿವ್ ಬರೀ 35 ಎಂದು ಕಂಡರೆ ಎರಡೂ ನಿಜ: ಆ ಕೋರ್ ನಿದ್ದೆಯಲ್ಲಿದೆ. ಸೆಟ್ಟಿಂಗ್ಸ್‌ನಲ್ಲಿ ಸ್ನ್ಯಾಪ್‌ಶಾಟ್ ಸಿಪಿಯು ಪೋಲಿಂಗ್ ಎಂಬುದಿದೆ, ಆನ್ ಮಾಡಿಟ್ಟರೆ ಜಿಗಿದಾಟ ಕಡಿಮೆಯಾಗುತ್ತದೆ. 4400 ಬದಲು 4390 ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಬಸ್ ಕ್ಲಾಕ್ (ಕೋರ್ ವೇಗಕ್ಕೆ ಆಧಾರವಾದ ಮೂಲ ವೇಗ) 100ರ ಬದಲು 99.8 ಇದ್ದು ಅದಕ್ಕೆ 44 ಗುಣಿಸಿದರೆ ಬರುವುದೇ ಹೆಚ್ಚು ಕಡಿಮೆ ಅಷ್ಟು.

ಓದಿನ ಮೇಲೆ ನಂಬಿಕೆ ಬರದಿದ್ದರೆ ಕೆಲಸವನ್ನೇ ಅಳೆಯಿರಿ. ಇದಕ್ಕೆ ದೊಡ್ಡ ಬೆಂಚ್‌ಮಾರ್ಕ್ ಇಳಿಸಿಕೊಳ್ಳಬೇಕಿಲ್ಲ, ಫೈಲ್ ಕುಗ್ಗಿಸುವ, ಒಂದೆರಡು ಎಂಬಿಯ 7-ಝಿಪ್ ಸಾಕು. ಅದನ್ನು ತೆರೆದು ಟೂಲ್ಸ್‌ನಲ್ಲಿ ಬೆಂಚ್‌ಮಾರ್ಕ್ ಒತ್ತಿ, ಡಿಕ್ಷನರಿ 32 ಎಂಬಿ, ಥ್ರೆಡ್ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆ) ಸಂಖ್ಯೆ 1 ಇಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದರ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಗೋ ಟು ಡೀಟೇಲ್ಸ್ ಒತ್ತಿದರೆ ಸರಿಯಾದ ಸಾಲಿಗೇ ಹೋಗುತ್ತೀರಿ. ಅಲ್ಲಿ ಮತ್ತೆ ರೈಟ್ ಕ್ಲಿಕ್, ಸೆಟ್ ಅಫಿನಿಟಿ (ಯಾವ ಕೋರ್‌ನಲ್ಲಿ ಓಡಬೇಕೆಂಬ ಆಯ್ಕೆ). ಎಲ್ಲ ಟಿಕ್ ತೆಗೆದು ಸಿಪಿಯು 0 ಒಂದನ್ನೇ ಉಳಿಸಿ. ಬೆಂಚ್‌ಮಾರ್ಕ್ ರೀಸ್ಟಾರ್ಟ್ ಮಾಡಿ, ಕೊನೆಗೆ ಬರುವ ರೇಟಿಂಗ್ ಬರೆದುಕೊಳ್ಳಿ. ನಂತರ 2, 4, 6 ಹೀಗೆ. 12400ರಲ್ಲಿ 0 ಮತ್ತು 1 ಒಂದೇ ಕೋರ್‌ನ ಎರಡು ಥ್ರೆಡ್, ಅದಕ್ಕೇ ಸಮ ಸಂಖ್ಯೆಗಳನ್ನಷ್ಟೇ ಹಿಡಿದರಾಯಿತು. ಚಿಕ್ಕ ಕೋರ್ ಇರುವ ಮಷೀನಿನಲ್ಲಿ ದೊಡ್ಡವುಗಳ ಥ್ರೆಡ್ ಮೊದಲು ಬರುತ್ತವೆ, ಚಿಕ್ಕವು ಆಮೇಲೆ. 1235ಯುನಲ್ಲಿ 0ಯಿಂದ 3 ದೊಡ್ಡವು, 4ರಿಂದ 11 ಚಿಕ್ಕವು. ಒಂದೇ ಜಾತಿಯ ಕೋರ್‌ಗಳ ರೇಟಿಂಗ್‌ನಲ್ಲಿ ಎರಡು ಮೂರು ಶೇಕಡಾ ಹೆಚ್ಚುಕಮ್ಮಿ ಇದ್ದರೆ ಪ್ರೊಸೆಸರ್ ಸರಿಯಿದೆ, ತಪ್ಪಿರುವುದು ಓದಿನ ಕ್ರಮ. ಇಷ್ಟೆಲ್ಲ ಮಾಡುವಾಗ ಆಂಟಿವೈರಸ್ ಸ್ಕ್ಯಾನ್, ವಿಂಡೋಸ್ ಅಪ್‌ಡೇಟ್ ಹಿಂದೆ ಓಡುತ್ತಿರಬಾರದು. ಲ್ಯಾಪ್‌ಟಾಪ್ ಆದರೆ ನಡುವೆ ಕರೆಂಟ್ ಹೋಯಿತೆಂದರೆ ಆ ಓದನ್ನು ಬಿಟ್ಟು ಹೊಸದಾಗಿ ತೆಗೆಯಿರಿ, ಬ್ಯಾಟರಿಗೆ ಬಿದ್ದ ಕೂಡಲೇ ವೇಗದ ಮಿತಿ ಬದಲಾಗುತ್ತದೆ.

ಈಗ ಅದೇ 7-ಝಿಪ್‌ನಲ್ಲಿ ಥ್ರೆಡ್ ಸಂಖ್ಯೆ ಪೂರ್ತಿ ಕೊಟ್ಟು, ಅಫಿನಿಟಿ ಎಲ್ಲ ಕೋರ್‌ಗೂ ಬಿಟ್ಟು, ಹತ್ತು ನಿಮಿಷ ಓಡಿಸಿ. ಮೊದಲ ಅರ್ಧ ನಿಮಿಷ ಆದ ಮೇಲೆ ಎಲ್ಲ ಕೋರ್‌ಗಳೂ ಜೊತೆಯಾಗಿ ಕೆಳಗಿಳಿದರೆ ಅದು ಪವರ್ ಲಿಮಿಟ್, ಅಂದರೆ ವಿದ್ಯುತ್ ಬಳಕೆಯ ಮಿತಿ. 12400ಕ್ಕೆ ಟರ್ಬೊದಲ್ಲಿ 117 ವ್ಯಾಟ್ ತನಕ ಅವಕಾಶ, ಮದರ್‌ಬೋರ್ಡ್ ನಿಯಮದಂತೆ ನಡೆದರೆ ನಂತರ 65ಕ್ಕೆ ಇಳಿಸುತ್ತದೆ. ಇದು ದೋಷವಲ್ಲ. ಆದರೆ ನಾಲ್ಕೈದು ನಿಮಿಷ ಕಳೆದು ವೇಗ ಮೇಲೆ ಕೆಳಗೆ ಆಡತೊಡಗಿದರೆ, ಎಚ್‌ಡಬ್ಲ್ಯೂ ಇನ್ಫೋದಲ್ಲಿ ಥರ್ಮಲ್ ಥ್ರಾಟ್ಲಿಂಗ್ ಮುಂದೆ ಯೆಸ್ ಬಂದಿದ್ದರೆ, ಬಿಸಿ ಮಿತಿ ಮುಟ್ಟಿದೆ ಎಂದೇ ಅರ್ಥ. ಇಂಟೆಲ್‌ನ ಈ ಪ್ರೊಸೆಸರ್‌ಗಳಿಗೆ ಆ ಮಿತಿ 100 ಡಿಗ್ರಿ, ಡೆಸ್ಕ್‌ಟಾಪ್ ರೈಝೆನ್ 5000ದ ಹೆಚ್ಚಿನವಕ್ಕೆ 90, 7000ದ ಹೆಚ್ಚಿನವಕ್ಕೆ 95.

ಇಲ್ಲೇ ನಮ್ಮ ಕಡೆಯ ವಿಶೇಷ. ಕೋಣೆಯ ಬಿಸಿ ಎಷ್ಟು ಏರುತ್ತದೋ ಪ್ರೊಸೆಸರ್ ಬಿಸಿ ಹೆಚ್ಚು ಕಡಿಮೆ ಅಷ್ಟೇ ಏರುತ್ತದೆ. 25 ಡಿಗ್ರಿಯ ಎಸಿ ಅಂಗಡಿಯಲ್ಲಿ 82 ತೋರಿಸಿ ಪಾಸಾದ ಮಷೀನು, ಏಪ್ರಿಲ್ ಮಧ್ಯಾಹ್ನ ತಗಡಿನ ಚಾವಣಿಯ 41 ಡಿಗ್ರಿಯ ಕೋಣೆಯಲ್ಲಿ 98ಕ್ಕೆ ಹೋಗಿ ಕೂರುತ್ತದೆ. ಗಿರಾಕಿ ಹೇಳಿದ್ದೂ ಸುಳ್ಳಲ್ಲ, ರಿಪೇರಿಯವರು ನೋಡಿದ್ದೂ ಸುಳ್ಳಲ್ಲ. ಆದ್ದರಿಂದ ಪರೀಕ್ಷೆ ಮಷೀನು ಇರುವ ಜಾಗದಲ್ಲೇ, ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ, ಕ್ಯಾಬಿನೆಟ್ ಬಾಗಿಲು ಮುಚ್ಚಿಯೇ ಆಗಬೇಕು. ಬಾಗಿಲು ತೆರೆದು ಟೇಬಲ್ ಫ್ಯಾನ್ ಇಟ್ಟು ತೆಗೆದ ಅಂಕಿಗೆ ಬೆಲೆಯಿಲ್ಲ.

ಧೂಳಿನಲ್ಲೂ ಬಗೆಗಳಿವೆ. ರಾಯಚೂರಿನ ಜಿನ್ನಿಂಗ್ ಮಿಲ್ ಹತ್ತಿರದ ಮಷೀನುಗಳಲ್ಲಿ ಹತ್ತಿಯ ಎಳೆಗಳು ಹೀಟ್‌ಸಿಂಕ್ (ಪ್ರೊಸೆಸರ್ ಬಿಸಿ ಹೀರುವ ಲೋಹದ ಭಾಗ) ರೆಕ್ಕೆಗಳ ಮೇಲೆ ಕಂಬಳಿಯಂತೆ ಹಾಸಿಕೊಂಡು ಗಾಳಿಯನ್ನೇ ತಡೆಯುತ್ತವೆ. ಬ್ಲೋವರ್ ಹೊಡೆದರೆ ಹೋಗದು, ಫ್ಯಾನ್ ಬಿಚ್ಚಿ ಚಿಮಟದಿಂದ ಪದರವನ್ನೇ ಎತ್ತಿ ತೆಗೆಯಬೇಕು. ಗಂಗಾವತಿ, ಸಿಂಧನೂರಿನ ರೈಸ್ ಮಿಲ್‌ಗಳ ಹೊಟ್ಟಿನ ಪುಡಿ ಒಣಗಿದ್ದರೆ ಬ್ಲೋವರ್‌ಗೆ ಬರುತ್ತದೆ, ಎಣ್ಣೆ ಪಸೆ ಸೇರಿದ್ದರೆ ಬ್ರಷ್ ಬೇಕು. ಸಂಡೂರು ಕಡೆಯ ಕೆಂಪು ಅದಿರಿನ ಧೂಳು ನುಣುಪು, ಫ್ಯಾನ್ ಬ್ಲೇಡಿನ ಅಂಚಿಗೇ ಅಂಟಿ ಕೂರುತ್ತದೆ. ಒರೆಸದಿದ್ದರೆ ಫ್ಯಾನ್ ಗದ್ದಲ ಮಾಡುತ್ತದೆ, ವೇಗವೂ ತಪ್ಪುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ತಡೆದು ಹಿಡಿಯಿರಿ, ಇಲ್ಲದಿದ್ದರೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಲೋಡ್‌ನಲ್ಲಿ ಕೋರ್‌ಗಳ ಬಿಸಿಯ ನಡುವೆ ಹತ್ತು ಡಿಗ್ರಿ ತನಕ ಅಂತರ ಇದ್ದೇ ಇರುತ್ತದೆ. ಇಪ್ಪತ್ತು ದಾಟಿದರೆ ಕೂಲರ್ ಸಮನಾಗಿ ಕೂತಿಲ್ಲ. ಇಂಟೆಲ್ ಜೊತೆ ಬರುವ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಬಿಟ್ಟುಕೊಂಡಿರುತ್ತದೆ, ಬೋರ್ಡ್ ಹಿಂದಿನಿಂದ ನೋಡಿದರೆ ಕಪ್ಪು ಮೊಳೆ ಹೊರಗೆ ಬಂದಿಲ್ಲದ್ದು ಕಾಣುತ್ತದೆ. ಪ್ರೊಸೆಸರ್ ಮತ್ತು ಕೂಲರ್ ನಡುವಿನ ಹಳೆ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಪಿನ್‌ಗಳನ್ನು ಎದುರುಬದುರು ಜೋಡಿಯಾಗಿ ಒತ್ತಿ.

ಲ್ಯಾಪ್‌ಟಾಪ್‌ನ ಎಲ್ಲ ಕೋರ್‌ಗಳೂ 400 ಅಥವಾ 800ಕ್ಕೆ ಅಂಟಿಕೊಂಡು, ಲೋಡ್ ಕೊಟ್ಟರೂ ಏಳದಿದ್ದರೆ ಚಾರ್ಜರ್ ತೆಗೆದು ನೋಡಿ. ತೆಗೆದ ಕೂಡಲೇ ವೇಗ ಏರಿದರೆ ಅಡಾಪ್ಟರ್ ಅಥವಾ ಜ್ಯಾಕ್‌ನ ದೋಷ. ಕೆಲವು ಮಾಡೆಲ್‌ಗಳು ತಮ್ಮದೆಂದು ಗುರುತಿಸಲಾಗದ ಅಡಾಪ್ಟರ್ ಹಾಕಿದರೆ ಪ್ರೊಸೆಸರ್ ಅನ್ನೇ ಕಟ್ಟಿಹಾಕುತ್ತವೆ. ಎಲ್ಲವೂ ಬೇಸ್ ವೇಗ ದಾಟದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ನೋಡಿ. ಬಿಸಿ ತಗ್ಗಲೆಂದು ಯಾರೋ 99 ಇಟ್ಟಿರುತ್ತಾರೆ, ಅಷ್ಟಕ್ಕೇ ಟರ್ಬೊ ನಿಲ್ಲುತ್ತದೆ. 100 ಮಾಡಿ, ಮಿನಿಮಮ್ 5ರಲ್ಲೇ ಇರಲಿ. ಅಂಕಿಗಳು ಸಮನಾಗಿ ಕಾಣಲೆಂದು ಮಿನಿಮಮ್ಮನ್ನೂ 100 ಮಾಡುವವರಿದ್ದಾರೆ. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ಸ್) ಕೆಲಸವಿಲ್ಲದಾಗ ವೇಗ ಇಳಿಸುವ ಸ್ಪೀಡ್‌ಸ್ಟೆಪ್ ಆಫ್ ಮಾಡುವವರೂ ಇದ್ದಾರೆ. ಈ ಬಿಸಿಲ ನಾಡಿನಲ್ಲಿ ಅದು ಸುಮ್ಮನೆ ಕೂತ ಮಷೀನನ್ನೂ ಕಾಯಿಸುವ ಕೆಲಸ.

ವಿಂಡೋಸ್ ಬದಲು ಉಬುಂಟು (ಲಿನಕ್ಸ್) ಇರುವ ಕಾಲೇಜು ಲ್ಯಾಬ್‌ಗಳಲ್ಲಿ ಟರ್ಬೊಸ್ಟ್ಯಾಟ್ ಎಂಬ ಕಮಾಂಡ್ ಬಳಸಿ, ಸುಡೊ (ಅಡ್ಮಿನ್ ಅಧಿಕಾರ) ಬೇಕಾಗುತ್ತದೆ. ಅದರಲ್ಲಿ ಬಿಝಿ ಮೆಗಾಹರ್ಟ್ಸ್ ಎಂಬುದು ಎಚ್ಚರವಿದ್ದಾಗಿನ ವೇಗ, ಆವರೇಜ್ ಮೆಗಾಹರ್ಟ್ಸ್ ನಿದ್ದೆಯೂ ಸೇರಿದ ಸರಾಸರಿ. ಹೋಲಿಸಬೇಕಾದ್ದು ಬಿಝಿ ಕಾಲಂ.

ಎಲ್ಲ ಮಾಡಿದ ಮೇಲೂ ಒಂದೇ ಕೋರ್‌ನ ರೇಟಿಂಗ್ ಪ್ರತಿ ಸಲ ಹತ್ತು ಶೇಕಡಾ ಹಿಂದೆ ಬಿದ್ದರೆ ಬಯಾಸ್ ಅಪ್‌ಡೇಟ್ ಮಾಡಿ, ಡಿಫಾಲ್ಟ್‌ಗೆ ತಂದು, ಮತ್ತೊಮ್ಮೆ ಅಳೆಯಿರಿ. ಬದಲಾಗದಿದ್ದರೆ ಪ್ರೊಸೆಸರ್ ಅನ್ನು ಬೇರೆ ಬೋರ್ಡಿಗೆ ಹಾಕಿ ನೋಡಿ. ಅಲ್ಲೂ ಅದೇ ಕೋರ್ ಹಿಂದೆ ಬಿದ್ದರೆ ವಾರಂಟಿಗೆ ಕಳಿಸಿ. ಕಳಿಸುವಾಗ ಕೋರ್‌ವಾರು ರೇಟಿಂಗ್, ಹತ್ತನೇ ನಿಮಿಷದ ಬಿಸಿ ಮತ್ತು ಕೋಣೆಯ ಬಿಸಿ ಮೂರನ್ನೂ ಬರೆದ ಚೀಟಿ ಜೊತೆಗಿಡಿ.